ಅರ್ಧ ಸೆಕೆಂಡು

ಹೋದ ವರ್ಷದ ನನ್ನ ಲೆಕ್ಕ ಸಣ್ಣದು,
ಬಸ್ ಟಿಕೇಟಿನ ಹಿಂಬದಿಯಲ್ಲಿ ಹಿಡಿಯುತ್ತದೆ:
ಎರಡು ಮ್ಯಾಚು, ಹನ್ನೊಂದು ನಿಮಿಷ,
ತಲೆಯಲ್ಲಿ ಹೊಡೆದದ್ದು ಒಂದು, ಹಳದಿ ಕಾರ್ಡು ಒಂದು.
ಉಳಿದದ್ದೆಲ್ಲ ಬೆಂಚು.

ವಿದ್ಯಾನಗರದ ಮೈದಾನದಲ್ಲಿ ಮಳೆ ಬಿಟ್ಟು ಹತ್ತು ದಿನ.
ಮುರಕಲ್ಲಿನ ಮೇಲೆ ಹುಲ್ಲು
ಹೊಸದಾಗಿ ಮೀಸೆ ಬಂದವರ ಹಾಗೆ, ಅಲ್ಲಲ್ಲಿ.
ಜಂಷೀರ್ ಪಾಸಾಗಿ ಹೋದ.
ಡಿಫೆನ್ಸಿನ ನಡುವೆ, ಸಫ್ವಾನನ ಎಡಕ್ಕೆ
ಒಂದು ಆಳು ನಿಲ್ಲುವಷ್ಟು ಖಾಲಿ.
ಎಷ್ಟು ಬಿಸಿಲಿದ್ದರೂ ಅಲ್ಲಿ ಯಾರ ನೆರಳೂ ಬೀಳುವುದಿಲ್ಲ.

"ಲತೇಶಾ, ಈ ಸಲ ನಿನ್ನದೇ" ಎಂದ
ಕ್ಯಾಂಟೀನಿನ ಅಂದುಚ್ಚ, ಚಾಯಕ್ಕೆ ದುಡ್ಡು ತೆಗೆದುಕೊಳ್ಳದೆ.
ಅದೇ ದಿನ ತೃಕ್ಕರಿಪುರದಿಂದ ಒಬ್ಬ ಬಂದು ಅಡ್ಮಿಶನ್ ಮಾಡಿಸಿದ.
ಅಭಿನಂದ್. ಆರಡಿ ಒಂದಿಂಚು.
ಫೈಲಿನಲ್ಲಿ ಪ್ಲಾಸ್ಟಿಕ್ ಹಾಕಿಸಿದ ಜಿಲ್ಲಾ ಸರ್ಟಿಫಿಕೇಟು ಮೂರು.
ಅವನು ಬಾಲಿಗೆ ಹಾರುವಾಗ
ಹಾರಿದ ಹಾಗೆಯೇ ಕಾಣುವುದಿಲ್ಲ,
ಮೈದಾನವೇ ಸ್ವಲ್ಪ ತಗ್ಗಿದ ಹಾಗೆ.

ಪವಿತ್ರನ್ ಮಾಷಿಗೆ ನನ್ನ ಕಾಲಿನ ಮೇಲೆ ದೂರಿಲ್ಲ.
"ಓಡುತ್ತಿ, ತಡೆಯುತ್ತಿ. ಆದರೆ ಅರ್ಧ ಸೆಕೆಂಡು ಲೇಟು.
ಯಾಕೆ?"
ಹೇಳಲಿಲ್ಲ ನಾನು. ಹೇಳಿದ್ದರೆ ನಗುತ್ತಿದ್ದರು.
ಆ ಅರ್ಧ ಸೆಕೆಂಡು ನಾನು ಅನುವಾದ ಮಾಡುತ್ತಿರುತ್ತೇನೆ, ಮಾಷೇ.

ಪೈವಳಿಕೆಯ ಮನೆಯಲ್ಲಿ, ತುಳುವಿನಲ್ಲಿ, ಬುಡು.
ಶಾಲೆಯ ಹನ್ನೆರಡು ವರ್ಷ, ಬಿಡು.
ಇಲ್ಲಿ ಗೋಲಿಯ ಬಾಯಲ್ಲಿ, ವಿಡ್!
ಕಿವಿಗೆ ಬಿದ್ದದ್ದು ಕಾಲಿಗೆ ಇಳಿಯುವ ಮೊದಲು
ಮೂರು ಬಾಗಿಲು ದಾಟಬೇಕು.
ಅಷ್ಟರಲ್ಲಿ ಅವರ ಹತ್ತನೇ ನಂಬರು
ನನ್ನ ಹೆಗಲ ಹಿಂದಿನಿಂದ ನುಸುಳಿ
ಥ್ಯಾಂಕ್ಸ್ ಕೂಡ ಹೇಳದೆ ಹೋಗಿರುತ್ತಾನೆ.

ಎರಡನೇ ಬಿ.ಎ. ಕನ್ನಡ, ಭಾಷಾಶಾಸ್ತ್ರದ ಪಿರಿಯಡ್.
ಮೇಡಂ ಬೋರ್ಡಿನ ಮೇಲೆ ಬರೆದರು: ವ, ಬ. ಪ, ಹ.
ಅಲ್ಲಿ ವಾ ಅಂದರೆ ಇಲ್ಲಿ ಬಾ.
ಅಲ್ಲಿ ಪಾಲ್, ಇಲ್ಲಿ ಹಾಲು.
ಐದು ಅಂಕದ ಪ್ರಶ್ನೆ ಎಂದು ಎಲ್ಲರೂ ಅಡಿಗೆರೆ ಎಳೆದರು.
ನಾನೊಬ್ಬ ಡೆಸ್ಕಿನ ಕೆಳಗೆ
ಎಡಗಾಲು ಮುಂದಿಟ್ಟು ನೋಡಿದೆ.

ಶನಿವಾರ ಟ್ರಯಲ್. ನಾಲ್ಕು ಗಂಟೆಯ ಬಿಸಿಲು ನೇರ ಕಣ್ಣಿಗೆ.
ಬಲಬದಿಯಿಂದ ಕ್ರಾಸು ಎದ್ದಿತು,
ಸಫ್ವಾನ್ ಕೂಗಿದ: ಪಿನ್ನಿಲ್ ಆಳುಂಡ್!
ಹಿಂದೆ ಆಳುಂಟು
ಅಂತ ನಾನು ಅಂದುಕೊಳ್ಳಲಿಲ್ಲ. ಸತ್ಯವಾಗಿ.
ಬೆನ್ನೇ ಕೇಳಿಸಿಕೊಂಡಿತು. ತಿರುಗಿದೆ.
ಬಾಲು ಹಣೆಗೆ ಬಡಿದು, ಗೆರೆ ದಾಟಿ
ಮಾಷರ ಸ್ಕೂಟರಿನ ಕನ್ನಡಿ ಒಡೆಯಿತು.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ಕೂಟರು ಹೊಸದು.
ಮಾಷ್ ನೀಲಿ ಡೈರಿ ತೆರೆದು ಏನೋ ಗೀಚಿದರು.
ನನ್ನ ಹೆಸರೂ ಆಗಿರಬಹುದು,
ಕನ್ನಡಿಯ ರೇಟೂ ಆಗಿರಬಹುದು.

ಆಮೇಲೆ ಎರಡು ಸಲ ತಪ್ಪಿದೆ. ಒಂದು ಸಲ ಬಿದ್ದೆ.
ಅಭಿನಂದ್ ಬೀಳಲಿಲ್ಲ.

ಸೋಮವಾರ ಲಿಸ್ಟು ನೋಟೀಸ್ ಬೋರ್ಡಿಗೆ ಬರುತ್ತದೆ.
ಹನ್ನೊಂದರೊಳಗೆ ಇರಬಹುದು. ಹದಿನೈದನೆಯವನೂ ಆಗಬಹುದು,
ಮತ್ತೆ.
ಕುಂಬಳೆಯ ಔಷಧಿ ಅಂಗಡಿಯಿಂದ ಅಕ್ಕನ ಫೋನು:
ಬೂಟು ಈಗಲೇ ತರುವುದಾ, ಲಿಸ್ಟು ನೋಡಿ ತರುವುದಾ?
ಈಗಲೇ, ಎಂದೆ. ಕೂರುವುದಕ್ಕೂ ಬೂಟು ಬೇಕು.

ಆಟ ಮುಗಿದು ಬೆವರು ಒರೆಸುತ್ತ
ಅಭಿನಂದ್ ಬಂದ, ಬೆಂಚಿನ ಎಡತುದಿಯಲ್ಲಿ ಕೂರಲು ಬಗ್ಗಿದ.
ಆ ಹಲಗೆಯನ್ನು ನನ್ನಷ್ಟು ತಿಳಿದವರು ಈ ಕಾಲೇಜಿನಲ್ಲಿಲ್ಲ.
ಹೋದ ವರ್ಷ ನನ್ನ ಎರಡು ಚಡ್ಡಿ ಹರಿದದ್ದು ಅಲ್ಲೇ.
"ಆಣಿ!" ಎಂದು ಕೂಗಿದೆ.
ಯಾವ ಭಾಷೆಯಲ್ಲಿ ಕೂಗಿದೆನೋ.
ಅವನು ತಟ್ಟನೆ ಸರಿದು
ನನ್ನ ಪಕ್ಕ ಕೂತ.